ದುಡಿದ ಜೀವಕ್ಕೆ ಹಿತ್ತಲಲ್ಲಿ ಒಂದು ನೆರಳು

ಪಡಸಾಲೆಯನ್ನು ನೋಡಿದರೆ ಮನೆಯ ಐಶ್ವರ್ಯ ತಿಳಿದೀತು. ಮನೆಯವರ ಸ್ವಭಾವವನ್ನು ತಿಳಿಯಬೇಕಾದರೆ ಹಿತ್ತಲಿಗೇ ಹೋಗಬೇಕು. ಪಡಸಾಲೆ ಬಂದವರ ಕಣ್ಣಿಗಾಗಿ ಸಿದ್ಧವಾದದ್ದು. ಅಲ್ಲಿ ಹೊಸದಕ್ಕೆ, ಹೊಳೆಯುವುದಕ್ಕೆ ಮಾತ್ರ ಸ್ಥಾನ. ಹಿತ್ತಲಿನಲ್ಲಾದರೋ ಬಾಯಿ ಒಡೆದ ಬಾನಿ, ಕಾಯಿ ಕಡಿಮೆಯಾದ ನುಗ್ಗೆ, ಹಲ್ಲು ಸವೆದ ಎತ್ತು, ಕಣ್ಣಿಗೆ ಪೊರೆ ಬಂದ ನಾಯಿ, ಇವುಗಳ ನಡುವೆ ಹಗ್ಗ ಹೊಸೆಯುತ್ತ ಕುಳಿತ ಅಜ್ಜ, ಎಲ್ಲರಿಗೂ ಎಡೆಯುಂಟು. ದುಡಿದು ದಣಿದ ಜೀವಗಳಿಗೆ ಮನೆ ಕೊಡುವ ವಿಶ್ರಾಂತಿಯ ತಾಣವದು. ಆ ತಾಣ ಈಗ ನಮ್ಮ ಊರುಗಳಿಂದ ಮರೆಯಾಗುತ್ತಿದೆ. ಅದರೊಡನೆ ಇನ್ನೇನು ಮರೆಯಾಗುತ್ತಿದೆ ಎಂಬುದನ್ನು ವಾಚಕರೊಡನೆ ಕುಳಿತು ಯೋಚಿಸಬೇಕೆಂಬುದೇ ಈ ಬರಹದ ಉದ್ದೇಶ.

ನಮ್ಮ ಸೀಮೆ ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಆಡಳಿತದ ನಕಾಶೆಯಲ್ಲಿ ಈ ಊರುಗಳು ಪಟ್ಟ ಅಲೆದಾಟ ಸ್ವಲ್ಪದ್ದಲ್ಲ. ಹರಪನಹಳ್ಳಿಯಂತೂ ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ಸಂಗಾತಿಗಳೊಡನೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದಾದರೇನು, ಮಣ್ಣು ಅದೇ, ಬಿಸಿಲು ಅದೇ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಬೀಳುವ, ಬೀಳದೆಯೂ ಹೋಗುವ ಮಳೆಯನ್ನು ನಂಬಿ ಜೋಳ, ಶೇಂಗಾ, ಸಜ್ಜೆ ಬೆಳೆಯುವ ಸೀಮೆಯಿದು. ಇಂಥ ನೆಲದಲ್ಲಿ ಮನುಷ್ಯನ ದುಡಿಮೆ ಒಂಟಿಯಾಗಿ ಎಂದೂ ಸಾಗಿದ್ದಿಲ್ಲ. ನೊಗಕ್ಕೆ ಹೆಗಲು ಕೊಟ್ಟ ಎತ್ತು, ಕುರಿಹಟ್ಟಿಯನ್ನು ಕಾದ ನಾಯಿ, ಬಚ್ಚಲ ನೀರು ಕುಡಿದು ಹೂ ಕೊಟ್ಟ ಗಿಡ ಇವೆಲ್ಲ ಅವನ ಸಂಸಾರಕ್ಕೆ ಸೇರಿದವೇ ಆಗಿದ್ದವು.

ಕಾಲ ಬದಲಾಗಿದೆ. ಟ್ರ್ಯಾಕ್ಟರು ಬಂದಿದೆ, ಬಂದದ್ದು ಒಳ್ಳೆಯದೇ. ಕೂರಿಗೆಯ ಹಿಂದೆ ದಿನವಿಡೀ ಬಿಸಿಲಲ್ಲಿ ನಡೆದವನ ಕಾಲಿಗೆ ಮಾತ್ರ ಅದರ ಸುಖ ಗೊತ್ತು. ಆದರೆ ಅದರ ಪರಿಣಾಮವನ್ನು ಅಂಕೆಗಳಲ್ಲಿಯೂ ನೋಡೋಣ. 2019ರ ಇಪ್ಪತ್ತನೆಯ ಜಾನುವಾರು ಗಣತಿಯಂತೆ ನಮ್ಮ ದೇಶದಲ್ಲಿ ದನಗಳ ಸಂಖ್ಯೆ ಸುಮಾರು 19.25 ಕೋಟಿ. ಅದರಲ್ಲಿ ಹೆಣ್ಣು 14.5 ಕೋಟಿ, ಉಳಿದ 4.7 ಕೋಟಿ ಗಂಡು. ಅದಕ್ಕೆ ಏಳು ವರ್ಷ ಹಿಂದೆ, 2012ರ ಗಣತಿಯಲ್ಲಿ, ಗಂಡುದನಗಳ ಸಂಖ್ಯೆ 6.8 ಕೋಟಿಯ ಹತ್ತಿರವಿತ್ತು. ಏಳು ವರ್ಷಗಳಲ್ಲಿ ನೂರಕ್ಕೆ ಮೂವತ್ತರಷ್ಟು ಇಳಿತ! ಹಾಲು ಕೊಡುವುದು ಉಳಿಯಿತು, ನೇಗಿಲೆಳೆಯುವುದು ಹೋಯಿತು. ಉಪಯೋಗ ತೀರಿದ ಮೇಲೆ ಪ್ರಾಣಿ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯನ್ನು ಯಾವ ಗಣತಿಯೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿಕೊಂಡು, ತನ್ನದೇ ಆದ ಉತ್ತರವನ್ನು ಕಂಡುಕೊಂಡ ಸಮಾಜವೊಂದು ನಮ್ಮ ಮಗ್ಗುಲಲ್ಲಿಯೇ ಇದೆ ಎಂಬುದು ಪಟ್ಟಣದ ವಿದ್ಯಾವಂತರಲ್ಲಿ ಅನೇಕರಿಗೆ ತಿಳಿಯದು. ಕೂಡ್ಲಿಗಿ ಸೀಮೆಯಲ್ಲಿಯೂ ಅದಕ್ಕೆ ಹೊಂದಿದ ಮೊಳಕಾಲ್ಮೂರು, ಚಳ್ಳಕೆರೆಗಳಲ್ಲಿಯೂ ನೆಲೆಸಿದ ಮ್ಯಾಸಬೇಡರು ‘ದೇವರ ಎತ್ತು’ಗಳನ್ನು ಸಾಕುತ್ತ ಬಂದಿದ್ದಾರೆ. ಈ ಎತ್ತುಗಳ ಹೆಗಲಿಗೆ ನೊಗವಿಡುವುದಿಲ್ಲ, ಇವನ್ನು ಮಾರುವುದಿಲ್ಲ. ಇವುಗಳ ಹಿಂದೆ ಹಗಲಿರುಳು ಅಲೆಯುವ ಕಾವಲುಗಾರನಿಗೆ ಕಿಲಾರಿ ಎಂದು ಹೆಸರು. ಎತ್ತು ಮುದಿಯಾದರೆ ಅದರ ಮುಪ್ಪು ಮಂದೆಯಲ್ಲಿಯೇ ಕಳೆಯುತ್ತದೆ. ಸತ್ತರೆ ಅದನ್ನು ಮನುಷ್ಯರಂತೆಯೇ ಮಣ್ಣು ಮಾಡುತ್ತಾರೆ. ಬರಗಾಲದಲ್ಲಿ ಮೇವಿಗಾಗಿ ಕಿಲಾರಿ ಪಡುವ ಪಾಡು ಹೇಳತೀರದು. ತಾನು ಅರೆಹೊಟ್ಟೆಯಲ್ಲಿದ್ದು ದುಡಿಯದ ಎತ್ತಿನ ಹೊಟ್ಟೆಯನ್ನು ತುಂಬಿಸಲು ಊರೂರು ತಿರುಗಿ ಹುಲ್ಲು ಬೇಡುವ ಮನುಷ್ಯನನ್ನು ಅರ್ಥಶಾಸ್ತ್ರ ಯಾವ ಹೆಸರಿನಿಂದ ಕರೆಯುತ್ತದೆಯೋ ನಾನರಿಯೆ. ಸಂಸ್ಕೃತಿಯ ಭಾಷೆಯಲ್ಲಿ ಅವನು ದೊಡ್ಡವನು.

‘ಅದು ದೇವರ ಭಯದಿಂದ ನಡೆಯುವ ಮಾತು, ನಮಗೆ ಆ ಕಟ್ಟುಪಾಡು ಇಲ್ಲವಲ್ಲ’ ಎಂದು ಕೆಲವರು ಹೇಳಬಹುದು. ಹೌದು, ಅಲ್ಲಿ ಶ್ರದ್ಧೆಯಿದೆ. ಆದರೆ ಶ್ರದ್ಧೆ ಬೆಳೆಯುವುದಕ್ಕೂ ಒಂದು ನೆಲ ಬೇಕು. ದನದ ಹಿಂದೆಯೇ ಬದುಕಿದ ಜನಕ್ಕೆ, ದನದ ಉಪಯೋಗವೇ ಅದರ ಬೆಲೆಯಲ್ಲ ಎಂಬ ಅರಿವು ಮೊದಲು ಬಂದಿರಬೇಕು. ದೇವರ ಹೆಸರು ಆ ಅರಿವಿಗೆ ಹಾಕಿದ ಬೇಲಿ ಎಂದು ನನಗೆ ತೋರುತ್ತದೆ. ಬೇಲಿ ಬೇಡವೆನ್ನುವವರು ಬೆಳೆಯನ್ನಾದರೂ ಉಳಿಸಿಕೊಳ್ಳಬೇಕಷ್ಟೆ.

ಈ ಅರಿವು ಹಟ್ಟಿಯ ಜನಕ್ಕೆ ಮಾತ್ರ ಸೀಮಿತವಾದದ್ದೂ ಅಲ್ಲ. ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿಗಳಿಗೆ ಆತಕೂರಿನ ಶಾಸನ ಪರಿಚಿತವಾದದ್ದೇ. ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ಆ ಕಲ್ಲಿನ ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಇತಿಹಾಸವನ್ನು ಅದು ಸಾರುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಬೇಕಾದ್ದನ್ನು ಕೇಳೆಂದು ಒಡೆಯ ಹೇಳಿದಾಗ ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಆ ಕಾಳಿ ಮುಂದೆ ಹಂದಿಯೊಡನೆ ಕಾದಿ, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಭೂಮಿಯನ್ನು ದತ್ತಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂದು ಕಟ್ಟು ಮಾಡಿದರು. ಚಕ್ರವರ್ತಿಗಳ ವಿಜಯ ಕೆತ್ತಿದ ಕಲ್ಲಿನಲ್ಲಿಯೇ ಒಂದು ನಾಯಿಯ ಸಾವೂ ಕೆತ್ತಲ್ಪಟ್ಟಿತೆಂಬುದು ನಮ್ಮ ಭಾಷೆಗೆ ಸಂದ ಗೌರವವೆಂದೇ ನಾನು ತಿಳಿದಿದ್ದೇನೆ.

ಗೊರವ ಎಂಬ ಮಾತು ಬಂದದ್ದರಿಂದ ಮೈಲಾರವೂ ನೆನಪಾಗುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ, ಬಿಲ್ಲೇರಿ ನುಡಿಯುವ ಗೊರವಯ್ಯನ ಕಾರಣಿಕವನ್ನು ಕೇಳಲು, ಲಕ್ಷಾಂತರ ಜನ ನೆರೆಯುತ್ತಾರೆ. ಮೈಲಾರಲಿಂಗನ ಪರಂಪರೆಯಲ್ಲಿ ನಾಯಿ ದೇವರ ಸಂಗಾತಿ. ಗೊರವರು ನಾಯಿಯಂತೆ ಬೊಗಳಿ, ದೋಣಿಗೆ ಬಾಯಿಟ್ಟು ಪ್ರಸಾದ ಉಣ್ಣುವುದು ಅಲ್ಲಿ ಸೇವೆಯ ಒಂದು ಭಾಗ. ದೇವರ ಮುಂದೆ ತಾನು ನಾಯಿಯೆಂದು ಹೇಳಿಕೊಳ್ಳಲು ಹೆಮ್ಮೆಪಡುವ ಭಕ್ತ, ಜಾತ್ರೆ ಮುಗಿಸಿ ಊರಿಗೆ ಬಂದು, ಹತ್ತು ವರ್ಷ ಬಾಗಿಲು ಕಾದ ನಾಯಿಯನ್ನು ಚೀಲದಲ್ಲಿ ಕಟ್ಟಿ ಪರವೂರಿನ ಗಡಿಯಲ್ಲಿ ಬಿಟ್ಟು ಬರುವುದಾದರೆ ಆ ಸೇವೆಗೆ ಏನು ಅರ್ಥ ಉಳಿಯಿತು? ಇದು ಕಲ್ಪಿಸಿ ಹೇಳಿದ ಮಾತಲ್ಲ. ಮನೆ ಬದಲಿಸುವಾಗ, ವರ್ಗವಾಗಿ ಹೋಗುವಾಗ, ಹೊಸ ಮನೆಯ ಅಂಗಳಕ್ಕೆ ಕಲ್ಲು ಹಾಸುವಾಗ ಮುದಿನಾಯಿಯನ್ನು ಹಿಂದೆ ಬಿಟ್ಟು ಹೋಗುವ ಸಂಬಳದಾರ ಸಂಸಾರಗಳನ್ನು ನಾವೆಲ್ಲರೂ ಕಂಡಿದ್ದೇವೆ.

ನಮ್ಮ ದೇಶದ ಕಾಯಿದೆಯೇ ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿ ಯೋಚಿಸಿದೆ ಎಂದರೆ ಆಶ್ಚರ್ಯವಾದೀತು. 1960ರಲ್ಲಿ ಪಾರ್ಲಿಮೆಂಟು ಮಾಡಿದ ಪ್ರಾಣಿಹಿಂಸಾ ತಡೆ ಕಾಯಿದೆಯ ಹನ್ನೊಂದನೆಯ ಕಲಮಿನಲ್ಲಿ ಎರಡು ಮಾತುಗಳಿವೆ. ವಯಸ್ಸಿನಿಂದ ಕೆಲಸಕ್ಕೆ ಅನರ್ಹವಾದ ಪ್ರಾಣಿಯನ್ನು ದುಡಿಸುವುದು ತಪ್ಪು. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವೆ ಬಾಯಾರಿಕೆಗಳಿಗೆ ತುತ್ತಾಗುವಂತೆ ಬಿಟ್ಟುಬಿಡುವುದೂ ತಪ್ಪು. ಎಂದರೆ, ಮುದಿಯಾದದ್ದನ್ನು ದುಡಿಸಲೂ ಕೂಡದು, ಕೈಬಿಡಲೂ ಕೂಡದು. ಮುಪ್ಪಿಗೆ ವಿಶ್ರಾಂತಿಯ ಹಕ್ಕುಂಟು ಎಂಬುದನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಆ ಕಾಯಿದೆ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ ಎಂಬುದು ಬೇರೆ ಮಾತು. ಅಷ್ಟು ಹಣಕ್ಕೆ ಇಂದು ಒಂದು ಊಟವೂ ಕಷ್ಟ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಅದನ್ನು ಮರೆಮಾಚಿ ಮುಂದೆ ಹೋಗುವುದು ಸರಿಯಲ್ಲ. ಎರಡೆಕರೆ ಖುಷ್ಕಿಯ ಒಡೆಯ, ಮಳೆ ತಪ್ಪಿದ ವರ್ಷದಲ್ಲಿ, ದುಡಿಯದ ಎತ್ತಿಗೆ ಎಲ್ಲಿಂದ ಮೇವು ತರಬೇಕು? ಅವನ ಮಕ್ಕಳ ಶಾಲೆಯ ಶುಲ್ಕಕ್ಕೇ ಗತಿಯಿಲ್ಲ. ಅಂಥವನು ಎತ್ತನ್ನು ಸಂತೆಗೆ ಹೊಡೆದರೆ ಅವನನ್ನು ನಿಂದಿಸುವ ಅಧಿಕಾರ ತಿಂಗಳು ತಿಂಗಳು ಸಂಬಳ ಎಣಿಸುವ ನನ್ನಂಥವನಿಗಿಲ್ಲ. ನಮ್ಮ ರಾಜ್ಯದಲ್ಲಿ 2020ರ ಗೋಹತ್ಯಾ ನಿಷೇಧದ ಶಾಸನ 2021ರಲ್ಲಿ ಜಾರಿಗೆ ಬಂದಾಗ ಅದರ ಪರವಾಗಿ, ವಿರೋಧವಾಗಿ ಬಹಳ ಮಾತು ಕೇಳಿಬಂತು. ವಾದ ಯಾವ ಕಡೆಯದಾದರೂ ಆಗಲಿ, ಒಂದು ಸತ್ಯ ಮಾತ್ರ ಉಳಿಯುತ್ತದೆ: ಕೊಲ್ಲಬಾರದೆಂದು ಬರೆದ ಕಾಗದ ತಾನಾಗಿ ಹುಲ್ಲಾಗುವುದಿಲ್ಲ. ಸಾಕುವ ಭಾರವನ್ನು ಬಡವನೊಬ್ಬನ ಹೆಗಲಿಗೆ ಹೊರಿಸಿ, ಪುಣ್ಯವನ್ನು ಮಾತ್ರ ಉಳಿದವರೆಲ್ಲ ಹಂಚಿಕೊಳ್ಳುವುದು ಧರ್ಮವೆನಿಸದು. ದೇವರ ಎತ್ತಿಗೆ ಇಡೀ ಕುಲ ಹೊಣೆಯಾಗುವಂತೆ, ಊರಿನ ಮುದಿ ಎತ್ತಿಗೆ ಊರು ಹೊಣೆಯಾಗಬೇಕು. ಸುಗ್ಗಿಯಲ್ಲಿ ಕಣದಲ್ಲಿ ಉಳಿಯುವ ಜೋಳದ ಸೊಪ್ಪೆ, ಶೇಂಗಾ ಹೊಟ್ಟು ಇವನ್ನು ಒಂದೆಡೆ ಕೂಡಿಡುವ ಮೇವಿನ ಬಣವೆಯೊಂದು ಪ್ರತಿ ಊರಿನಲ್ಲಿಯೂ ಇರಲಿ. ಪಂಚಾಯಿತಿಗಳು ಮನಸ್ಸು ಮಾಡಿದರೆ ಇದು ಆಗದ ಕೆಲಸವೇನಲ್ಲ.

ಕೊಟ್ಟೂರಿನ ಹತ್ತಿರದ ಹಳ್ಳಿಯ ರೈತನೊಬ್ಬನನ್ನು ನಾನೊಮ್ಮೆ ಕೇಳಿದ್ದೆ, ‘ಯಜಮಾನ್ರೇ, ಟ್ರ್ಯಾಕ್ಟರ್ ಬಂದ ಮೇಲೂ ಈ ಮುದಿ ಎತ್ತು ಯಾಕೆ?’ ಎಂದು. ಅವನು ಹೇಳಿದ ಮಾತಿದು: ‘ಮೇಷ್ಟ್ರ, ನನ್ನ ಮಗಳ ಮದಿವಿ ಮಾಡಿದ್ದು ಅದರ ಹೆಗಲ ಮ್ಯಾಲ. ಈಗ ಅದನ್ನ ಸಂತಿಗೆ ಹೊಡದ್ರ, ನಾಳೆ ನನ್ನ ಮಗ ನನ್ನನ್ನ ಎಲ್ಲಿಗೆ ಹೊಡೀತಾನ್ರೀ?’ ಈ ಪ್ರಶ್ನೆಗೆ ಉತ್ತರ ಹೇಳಲು ನನ್ನ ಹತ್ತಿರ ಯಾವ ಪುಸ್ತಕವೂ ಇರಲಿಲ್ಲ.

ವಿಚಾರದ ಮರ್ಮ ಇಲ್ಲಿಯೇ ಇದೆ. ಎತ್ತಿನ ಮುಪ್ಪನ್ನು ನಾವು ಯಾವ ಕಣ್ಣಿನಿಂದ ನೋಡುತ್ತೇವೆಯೋ ಅದೇ ಕಣ್ಣು ನಾಳೆ ಮನುಷ್ಯರ ಮುಪ್ಪಿನ ಮೇಲೂ ಬೀಳುತ್ತದೆ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಂದು ಅಥವಾ ಅದರ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರನ್ನು ಹಳೆಯ ನಿಶ್ಚಿತ ಪಿಂಚಣಿಯಿಂದ ಹೊರಗಿಟ್ಟು, ಸಂಬಳದಲ್ಲಿ ಹಿಡಿದ ಹಣವನ್ನು ಪೇಟೆಯ ಏರಿಳಿತಕ್ಕೆ ಒಪ್ಪಿಸಿದಾಗ, ನಮ್ಮಂಥ ಅಧ್ಯಾಪಕರು ಸಭೆ ಸೇರಿ, ‘ದುಡಿಯುವಷ್ಟು ದಿನ ದುಡಿಸಿಕೊಂಡು ಅರುವತ್ತಕ್ಕೆ ಕೈಬಿಡುವುದು ಅನ್ಯಾಯ’ ಎಂದು ಮಾತನಾಡಿದೆವು. ಆ ಮಾತು ನ್ಯಾಯವಾದದ್ದೇ. ಆದರೆ ನ್ಯಾಯವೆಂಬುದು ನಮ್ಮ ಬಾಗಿಲಿನ ಒಳಗೆ ಮಾತ್ರ ಸಲ್ಲುವ ನಾಣ್ಯವಲ್ಲ. ಸಭೆಯಿಂದ ಮನೆಗೆ ಬಂದವನು ಹಿತ್ತಲ ಬಾಗಿಲನ್ನು ತೆರೆದು, ಅಲ್ಲಿ ತನ್ನನ್ನು ನಂಬಿ ಮುದಿಯಾದ ಜೀವವೊಂದಿದೆಯೇ, ಅದಕ್ಕೆ ಇಂದು ನೀರಿಟ್ಟಿದ್ದಾರೆಯೇ ಎಂದು ನೋಡಿದರೆ ಅವನ ವಾದಕ್ಕೆ ಬಲ ಬಂದೀತು.

ಕರುಣೆಯೊಂದಿದ್ದರೆ ಸಾಕೆ? ಸಾಲದು, ಅದಕ್ಕೆ ತಿಳಿವಳಿಕೆ ಜೊತೆಯಾಗಬೇಕು. ಇದಕ್ಕೆ ನಮ್ಮ ಕಾಲದ ಕರುಣಾಜನಕವಾದ ನಿದರ್ಶನವೊಂದುಂಟು. ಕಾಲು ಕುಂಟುವ, ಕೀಲು ಹಿಡಿದ ಮುದಿದನಗಳ ನೋವು ಕಡಿಮೆಯಾಗಲೆಂದು ಡೈಕ್ಲೊಫೆನಾಕ್ ಎಂಬ ಔಷಧವನ್ನು ದೇಶದಾದ್ಯಂತ ಕೊಡಲಾಗುತ್ತಿತ್ತು. ಅಂಥ ದನ ಸತ್ತು ಬಯಲಿಗೆ ಬಿದ್ದಾಗ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಗುಂಪುಗುಂಪಾಗಿ ಸತ್ತವು. ಹೀಗೆ ಸಾಯುತ್ತಿರುವುದು ಈ ಔಷಧದಿಂದ ಎಂಬುದು ವಿಜ್ಞಾನಿಗಳಿಂದ ಸ್ಪಷ್ಟವಾದದ್ದು 2004ರಲ್ಲಿ. ಅಷ್ಟರಲ್ಲಿ ಕೆಲವು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಗಿಲಾಗಿ ನಾಶವಾಗಿದ್ದವು. 2006ರಲ್ಲಿ ಪಶುಗಳಿಗೆ ಈ ಔಷಧವನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳನ್ನೂ ನಿಷೇಧಿಸಿದರು. ಹದ್ದಿಗೆ ಕೇಡು ಮಾಡದ ಮೆಲಾಕ್ಸಿಕಾಮ್ ಎಂಬ ಔಷಧ ದೊರೆಯುತ್ತದೆ. ಒಂದು ಜೀವದ ನೋವಿಗೆ ಮರುಗಿ ಕೊಟ್ಟ ಮದ್ದು ಇನ್ನೊಂದು ಜೀವಕುಲಕ್ಕೆ ಮೃತ್ಯುವಾಯಿತು. ಆದ್ದರಿಂದ ಕಂಡವರ ಮಾತು ಕೇಳಿ ಸೂಜಿ ಚುಚ್ಚಿಸುವುದನ್ನು ಬಿಟ್ಟು ಪಶುವೈದ್ಯರನ್ನು ಕೇಳುವುದು ವಿಹಿತ. 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸೆಯ ವಾಹನ ಬರುವ ಏರ್ಪಾಡು ನಮ್ಮ ರಾಜ್ಯದಲ್ಲಿ ಆಗಿದೆ ಎಂಬುದನ್ನು ಹಳ್ಳಿಯ ಉಪಾಧ್ಯಾಯರು ಮಕ್ಕಳ ಮೂಲಕ ಮನೆಮನೆಗೆ ಮುಟ್ಟಿಸಬಹುದು.

ಮನೆಯಲ್ಲಿ ಮುದಿ ಪ್ರಾಣಿಯನ್ನು ಸಾಕಿದವರಿಗೆ ತಿಳಿದಿರುವ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಎತ್ತಿಗೆ ವಯಸ್ಸಾದಂತೆ ಹಲ್ಲು ಸವೆಯುತ್ತದೆ. ಗೋದಲಿಯಲ್ಲಿ ಸೊಪ್ಪೆ ಹಾಗೆಯೇ ಉಳಿದಿದ್ದರೆ ಹಸಿವಿಲ್ಲವೆಂದು ತಿಳಿಯಬಾರದು, ಅಗಿಯಲಾಗದೆ ಬಿಟ್ಟಿರಬಹುದು. ಮೇವನ್ನು ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ, ಸ್ವಲ್ಪ ಬೂಸಾ ಬೆರೆಸಿ ಕೊಟ್ಟರೆ ತಿನ್ನುತ್ತದೆ. ಎದ್ದು ಹೋಗಲಾರದ ಪ್ರಾಣಿಯ ಬಾಯಿಗೆ ನೀರು ಹತ್ತಿರವಿರಬೇಕು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಚರ್ಮ ಒಡೆದು ಹುಣ್ಣಾಗುತ್ತದೆ; ಕೆಳಗೆ ಹುಲ್ಲು ಹಾಸಿ, ದಿನಕ್ಕೆ ಎರಡು ಮೂರು ಬಾರಿ ಮಗ್ಗುಲು ಬದಲಿಸಬೇಕು. ಎಳೆಯದಾದ, ನೀರು ಕಾಣದೆ ಬಾಡಿದ ಜೋಳದ ಪೈರಿಗೆ ಎಂದೂ ಬಾಯಿ ಹಾಕಗೊಡಬಾರದು. ಅದು ಎಳಗರುವಿಗೂ ಮುದಿ ಎತ್ತಿಗೂ ಸಮಾನವಾಗಿ ವಿಷ.

ನಾಯಿಯ ಮುಪ್ಪು ಇನ್ನೂ ಮೌನವಾಗಿ ಬರುತ್ತದೆ. ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷ ಬದುಕಿದ ನಾಯಿಯೊಂದಿತ್ತು. ಕೊನೆಯ ಎರಡು ವರ್ಷ ಅದಕ್ಕೆ ಕಣ್ಣು ಮಂದವಾಗಿ, ಕಿವಿ ಕೇಳಿಸದೆ, ಕಾಲಿನ ಸಪ್ಪಳವನ್ನು ನೆಲದ ಅದುರಿನಿಂದಲೇ ಗುರುತಿಸುತ್ತಿತ್ತು. ನುಣುಪು ಬಂಡೆಯ ಮೇಲೆ ಕಾಲು ಜಾರುತ್ತಿದ್ದುದರಿಂದ ಗೋಣಿತಟ್ಟು ಹಾಸಿದೆವು. ಅದು ಮಲಗುವ ಜಾಗವನ್ನೂ ನೀರಿನ ಬಟ್ಟಲನ್ನೂ ಒಮ್ಮೆಯೂ ಬದಲಿಸಲಿಲ್ಲ. ಕಣ್ಣಿಲ್ಲದ್ದಕ್ಕೆ ಅಭ್ಯಾಸವೇ ಕಣ್ಣು. ಒಂದೇ ಹೊತ್ತು ಹೊಟ್ಟೆ ತುಂಬ ಇಡುವುದಕ್ಕಿಂತ ಮೂರು ಹೊತ್ತು ಮೆತ್ತಗಿನ ಅನ್ನ ಇಡುವುದು ಅದಕ್ಕೆ ಹಿಡಿಸಿತು. ಮನುಷ್ಯರ ನೋವಿನ ಗುಳಿಗೆಗಳನ್ನು ನಾಯಿಗೆ ನುಂಗಿಸಬಾರದು. ಅವುಗಳಲ್ಲಿ ಹಲವು ಅದರ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಈರುಳ್ಳಿ ಬೆರೆತ ಉಳಿದ ಪದಾರ್ಥವನ್ನು ಹಾಕುವ ರೂಢಿಯೂ ಒಳ್ಳೆಯದಲ್ಲ. ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ಇದ್ದಕ್ಕಿದ್ದಂತೆ ಬಹಳ ನೀರು ಕುಡಿಯತೊಡಗಿದರೆ ವೈದ್ಯರಿಗೆ ತೋರಿಸಬೇಕು. ಹುಚ್ಚುರೋಗದ ಲಸಿಕೆಯನ್ನು ‘ಮುದಿಯಾಯಿತಲ್ಲ, ಇನ್ನೇಕೆ’ ಎಂದು ನಿಲ್ಲಿಸಬಾರದು. ಅದು ನಾಯಿಯ ರಕ್ಷಣೆಯಷ್ಟೇ ಮನೆಯ ಮಕ್ಕಳ ರಕ್ಷಣೆಯೂ ಹೌದು.

ಇನ್ನು ಗಿಡಗಳ ಮಾತು. ಹೂವಿನ ಹಡಗಲಿ ಎಂಬ ಹೆಸರೇ ಒಂದು ಕಾವ್ಯ. ವಿಜಯನಗರದ ರಾಜಧಾನಿಗೆ ಇಲ್ಲಿಂದ ಹೂ ಹೋಗುತ್ತಿತ್ತೆಂದು ಪ್ರತೀತಿ. ಹಡಗಲಿ ಮಲ್ಲಿಗೆ ಮೈಸೂರು ಮತ್ತು ಉಡುಪಿಯ ಮಲ್ಲಿಗೆಗಳ ಜೊತೆಗೆ ಭೌಗೋಳಿಕ ಸೂಚಕದ ಮನ್ನಣೆ ಪಡೆದಿದೆ. ಮಲ್ಲಿಗೆ ಬೆಳೆಸಿದವರಿಗೆ ಒಂದು ಗುಟ್ಟು ಗೊತ್ತು. ಬಳ್ಳಿ ಹಳತಾಗಿ, ಹಂಬು ಹೆಣೆದುಕೊಂಡು, ಹೂ ಕಡಿಮೆಯಾದರೆ ಅದನ್ನು ಕಿತ್ತೆಸೆಯುವುದಿಲ್ಲ. ಚಳಿಗಾಲದ ಕಡೆಯಲ್ಲಿ ನೆಲದಿಂದ ಒಂದೂವರೆ ಅಡಿಯಷ್ಟು ಉಳಿಸಿ ಸವರಿ, ಒಣಗಿದ ಕಡ್ಡಿಯನ್ನು ತೆಗೆದು, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಟ್ಟರೆ, ಬೇಸಗೆಯ ಹೊತ್ತಿಗೆ ಹೊಸ ಕುಡಿಯಲ್ಲಿ ಮೊಗ್ಗು ಕಾಣುತ್ತದೆ. ಬೇರು ಹಳೆಯದು, ಹೂ ಹೊಸದು. ಕೂಡ್ಲಿಗಿಯ ಕಡೆಯ ಹುಣಿಸೆಯಂತೂ ನೆಟ್ಟವನಿಗಿಂತ ಅವನ ಮೊಮ್ಮಕ್ಕಳಿಗೆ ಹೆಚ್ಚು ಹಣ್ಣು ಕೊಡುವ ಮರ. ಹಳೆಯದೆಲ್ಲ ಹೊರೆ ಎಂಬುವರು ಒಮ್ಮೆ ಹುಣಿಸೆಯ ನೆರಳಿನಲ್ಲಿ ಕುಳಿತು ಬರಬೇಕು.

ಹಿತ್ತಲು ಮಾಡಲು ದೊಡ್ಡ ಜಾಗ ಬೇಕಾಗಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಎರಡು ಬಾಳೆ, ಒಂದು ಕರಿಬೇವು. ಬೇಲಿಯ ಮೂಲೆಯಲ್ಲಿ ನುಗ್ಗೆಯ ಕೊಂಬೆ ನೆಟ್ಟರೆ ಅದು ತಾನೇ ಚಿಗುರುತ್ತದೆ. ಕಟ್ಟೆಯ ಪಕ್ಕದಲ್ಲಿ ಒಂದು ಮಲ್ಲಿಗೆ. ಬುಡಕ್ಕೆ ಶೇಂಗಾ ಹೊಟ್ಟೋ ಒಣ ಎಲೆಯೋ ಮುಚ್ಚಿದರೆ ನಮ್ಮ ಬಿಸಿಲಿನಲ್ಲಿಯೂ ತೇವ ಹೆಚ್ಚು ದಿನ ನಿಲ್ಲುತ್ತದೆ. ದನಕರುಗಳಿರುವ ಮನೆಯಲ್ಲಿ ಅವು ಬಾಯಿ ಹಾಕುವಲ್ಲಿ ಕಣಗಿಲೆಯನ್ನು ಮಾತ್ರ ನೆಡಬಾರದು. ಅದರ ಎಲೆ ವಿಷ. ಇಷ್ಟು ಹಸುರಿನ ನಡುವೆ ಮುದಿ ಎತ್ತಿಗೊಂದು ಗೂಟ, ನಾಯಿಗೊಂದು ಗೋಣಿತಟ್ಟು, ಅಜ್ಜನಿಗೊಂದು ಹೊರಸು ಇದ್ದರೆ ಅದೇ ವಾನಪ್ರಸ್ಥ. ಎತ್ತಿನ ಸಗಣಿ ಗಿಡಕ್ಕೆ, ಗಿಡದ ನೆರಳು ಎತ್ತಿಗೆ. ದುಡಿಯುವುದನ್ನು ನಿಲ್ಲಿಸಿದ ಮೇಲೆಯೂ ಒಂದು ಜೀವ ಇನ್ನೊಂದಕ್ಕೆ ಬೇಕಾಗಿಯೇ ಇರುತ್ತದೆ ಎಂಬುದನ್ನು ಹಿತ್ತಲು ದಿನವೂ ತೋರಿಸುತ್ತದೆ.

ಭಾಷೆಯ ಅಧ್ಯಾಪಕನಾಗಿ ನನಗೆ ಇನ್ನೊಂದು ಚಿಂತೆಯೂ ಉಂಟು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣನವರು ತಮ್ಮ ಊರಿನ ಸುತ್ತಿನ ಮಾತುಗಳನ್ನು ಆಯ್ದು ‘ಚಿಗಟೇರಿ ಪದಕೋಶ’ವನ್ನು ಕಟ್ಟಿದರು. ವಿಶ್ವವಿದ್ಯಾನಿಲಯಗಳು ಮಾಡಬೇಕಾದ ಕೆಲಸವನ್ನು ಒಬ್ಬರೇ ಹಳ್ಳಿಯಲ್ಲಿ ಕುಳಿತು ಮಾಡಿದ ಸಾಹಸವದು. ಇತ್ತೀಚೆಗೆ ನನ್ನ ತರಗತಿಯಲ್ಲಿ ನೊಗ, ಮಿಣಿ, ಗೋದಲಿ, ಕುಂಟೆ, ಕೂರಿಗೆ ಎಂಬ ಮಾತುಗಳನ್ನು ಹಲಗೆಯ ಮೇಲೆ ಬರೆದು ಅರ್ಥ ಕೇಳಿದಾಗ ಐದನ್ನೂ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಎಲ್ಲರೂ ರೈತರ ಮಕ್ಕಳೇ. ವಿದ್ಯಾರ್ಥಿಗಳದು ತಪ್ಪಲ್ಲ. ವಸ್ತು ಹೋದ ಮೇಲೆ ಮಾತು ಎಷ್ಟು ದಿನ ನಿಂತೀತು? ಕೋಶದಲ್ಲಿ ಉಳಿದ ಮಾತು ಮೈಲಾರದ ಗುಡಿಯ ಉತ್ಸವಮೂರ್ತಿಯಂತೆ. ಅದಕ್ಕೂ ಆಗಾಗ ಬೀದಿಗೆ ಬಂದು ಜನರ ಹೆಗಲೇರುವ ಭಾಗ್ಯ ಬೇಕು. ಕಾರಹುಣ್ಣಿಮೆಯಲ್ಲಿ ಕರಿ ಹರಿಯಲು ಎತ್ತುಗಳಿಲ್ಲದೆ, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಾತ್ರ ಮಣ್ಣಿನ ಎತ್ತನ್ನು ಪೇಟೆಯಿಂದ ಕೊಂಡು ತಂದು ಪೂಜಿಸುವ ಮಕ್ಕಳಿಗೆ ಎತ್ತು ಎಂಬುದು ಕ್ರಮೇಣ ಬರಿಯ ಬೊಂಬೆಯಾಗುವ ಅಪಾಯವಿದೆ.

ಒಂದು ಶುಭಶಕುನವೂ ಇಲ್ಲದಿಲ್ಲ. ಹಗರಿಬೊಮ್ಮನಹಳ್ಳಿಯ ಹತ್ತಿರದ ಅಂಕಸಮುದ್ರದ ಕೆರೆ ಹಕ್ಕಿಗಳ ಬೀಡಾಗಿ, 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆನಿಸಿ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗುನೆಲಗಳ ಪಟ್ಟಿಗೂ ಸೇರಿತು. ಅಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದು ಕೆರೆಯ ನೀರಿನಲ್ಲಿ ನಿಂತ ಮುಳ್ಳುಜಾಲಿಯ ಮರಗಳ ಮೇಲೆ. ಉಪಯೋಗದ ಲೆಕ್ಕ ಹಾಕುವವನು ಆ ಜಾಲಿಯನ್ನು ಎಂದೋ ಸೌದೆಗೆ ಕಡಿಯುತ್ತಿದ್ದ. ಕಡಿಯದೆ ಬಿಟ್ಟದ್ದರಿಂದ ಜಗತ್ತು ನಮ್ಮ ಊರಿನ ಹೆಸರನ್ನು ಕಲಿಯಿತು.

ನಮ್ಮ ಸೀಮೆಯ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ನನ್ನ ವಿಜ್ಞಾಪನೆ ಸರಳವಾದದ್ದು. ಹೊಸ ಮನೆ ಕಟ್ಟಿಸುವಾಗ ನಾಲ್ಕು ಮೂಲೆಗೂ ಸಿಮೆಂಟು ಹಾಕಿಸದೆ ಒಂದು ಮೂಲೆಯನ್ನಾದರೂ ಮಣ್ಣಾಗಿ ಬಿಡಿ. ಪ್ರಾಣಿಯನ್ನು ಮನೆಗೆ ತರುವ ಮೊದಲು ಅದರ ಮರಿತನವನ್ನು ಮಾತ್ರ ನೋಡದೆ ಮುಪ್ಪನ್ನೂ ಎಣಿಸಿ. ಹತ್ತು ಹದಿನೈದು ವರ್ಷದ ಹೊಣೆ ಹೊರಲಾರೆವೆನಿಸಿದರೆ ತರದಿರುವುದೇ ಲೇಸು. ಊರಿನಲ್ಲಿ ಮುದಿ ಎತ್ತನ್ನು ಸಾಕುತ್ತಿರುವ ಬಡ ರೈತನಿದ್ದರೆ ವರ್ಷಕ್ಕೊಂದು ಗಾಡಿ ಮೇವಿನ ಬೆಲೆಯನ್ನು ಸಂಬಳದಾರರು ನಾಲ್ಕು ಜನ ಸೇರಿ ಕೊಡುವುದು ದೊಡ್ಡ ದಾನವೇನಲ್ಲ. ರಜೆಗೆ ಹಳ್ಳಿಗೆ ಹೋದ ವಿದ್ಯಾರ್ಥಿ ಅಜ್ಜನ ಬಳಿ ಒಂದು ಗಂಟೆ ಕುಳಿತು, ಅವನು ದುಡಿಸಿದ ಎತ್ತುಗಳ ಹೆಸರುಗಳನ್ನು ಬರೆದುಕೊಂಡು ಬಂದರೆ ಅದು ಪ್ರಬಂಧವೂ ಆದೀತು, ಇತಿಹಾಸವೂ ಆದೀತು.

ಉಪಯೋಗವಿರುವುದನ್ನು ಪ್ರೀತಿಸಲು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಅದು ಲಾಭದ ಬುದ್ಧಿಗೆ ಸಹಜವಾದ ವಿದ್ಯೆ. ಉಪಯೋಗ ತೀರಿದ್ದನ್ನು ಗೌರವದಿಂದ ಇರಿಸಿಕೊಳ್ಳುವುದನ್ನು ಮಾತ್ರ ಒಬ್ಬರಿಂದೊಬ್ಬರು ಕಲಿಯಬೇಕು. ಕಿಲಾರಿಯಿಂದ ಅವನ ಮಗ ಅದನ್ನು ಕಲಿಯುತ್ತಾನೆ. ನಮ್ಮ ಮಕ್ಕಳು ಅದನ್ನು ನಮ್ಮಿಂದ ಕಲಿಯಬೇಕಾಗಿದೆ. ಅವರು ನೋಡುತ್ತಿರುವಾಗ ನಾವು ಮುದಿ ಎತ್ತಿನ ಮುಂದೆ ಇಡುವ ಹಿಡಿ ಹುಲ್ಲು, ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಾದ ಪಾಠವಲ್ಲ.